ರೆನ್ ಹಕ್ಕಿಯೂ ಅದರ ನೆರೆಹೊರೆಯೂ

ನಮ್ಮ ಮನೆಗಳಲ್ಲಿ ಗುಬ್ಬಚ್ಚಿಯು ಯಾರ ಅಪ್ಪಣೆಯನ್ನೂ ಕೇಳದೆ ಒಳಕ್ಕೆ ಬಂದು, ಗೋಡೆಗೆ ತೂಗಹಾಕಿದ ಪಟದ ಹಿಂದೆಯೋ ತೊಲೆಯ ಸಂದಿನಲ್ಲಿಯೋ ಗೂಡು ಹೂಡಿದರೆ, ಕಸ ಬೀಳುವುದೆಂದು ಗೊಣಗಿದರೂ ಅದನ್ನು ಓಡಿಸದಿರುವುದು ಹಿಂದಿನಿಂದ ಬಂದ ನಡೆವಳಿ. ಅಮೆರಿಕದ ಗೃಹಸ್ಥರು ಇದಕ್ಕಿಂತಲೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಹಕ್ಕಿಗಳಿಗಾಗಿಯೇ ಮನೆಗಳನ್ನು ಮಾಡಿಸಿಡುತ್ತಾರೆ. ಹಿತ್ತಿಲ ಮರಕ್ಕೋ ಕಂಬಕ್ಕೋ ಒಂದು ಮರದ ಪೆಟ್ಟಿಗೆಯನ್ನು ಬಿಗಿದು, ಅದರ ಮುಂಭಾಗದಲ್ಲಿ ದುಂಡಾದ ಕಂಡಿಯೊಂದನ್ನು ಕೊರೆದು, ವಸಂತದಲ್ಲಿ ಯಾವ ಅತಿಥಿ ಬರುವುದೋ ಎಂದು ಕಾದಿರುವುದು ಅಲ್ಲಿ ಮಕ್ಕಳಿಗೂ ಮುದುಕರಿಗೂ ಸಮಾನವಾದ ವಿನೋದ. ಈ ವಾಡಿಕೆ ಅಲ್ಲಿ ಹೊಸದಲ್ಲ. ಆ ನೆಲದ ಮೂಲನಿವಾಸಿಗಳಾದ ಚೋಕ್ಟಾ ಮತ್ತು ಚಿಕಸಾ ಜನರು ಒಣಗಿದ ಸೋರೆಬುರುಡೆಗಳನ್ನು ಕಂಬಗಳಿಗೆ ಕಟ್ಟಿ ಮಾರ್ಟಿನ್ ಎಂಬ ಕವಲುತೋಕೆಯ ಜಾತಿಯ ಹಕ್ಕಿಗಳನ್ನು ಕರೆದುಕೊಳ್ಳುತ್ತಿದ್ದುದನ್ನು, 19ನೆಯ ಶತಮಾನದ ಆದಿಭಾಗದಲ್ಲಿಯೇ ಪಕ್ಷಿಶಾಸ್ತ್ರಜ್ಞರಾದ ಅಲೆಗ್ಸಾಂಡರ್ ವಿಲ್ಸನ್ನರು ಬರೆದಿಟ್ಟಿದ್ದಾರೆ.

ಹೀಗೆ ಕರೆದವರ ಮನೆಗೆ ಬರತಕ್ಕ ಹಕ್ಕಿಗಳಲ್ಲಿ ಮನೆ ರೆನ್ ಎಂಬುದು ಬಹು ಪ್ರಸಿದ್ಧವಾದುದು. ಬಹು ಕಾಲದಿಂದ ವಿವಾದಕ್ಕೆ ಗುರಿಯಾದುದೂ ಹೌದು. ಒಂದು ಮನೆಯವರು ಅದನ್ನು ಅಂಗಳದ ಭಾಗ್ಯವೆಂದು ಭಾವಿಸಿದರೆ, ಪಕ್ಕದ ಮನೆಯವರು ಅದನ್ನು ಮೊಟ್ಟೆಯೊಡೆಯುವ ಪಾಪಿಯೆಂದು ದೂರುತ್ತಾರೆ. ಇಬ್ಬರೂ ಕಣ್ಣಾರೆ ಕಂಡುದನ್ನೇ ಹೇಳುತ್ತಿರುವುದರಿಂದ, ಈ ಹಕ್ಕಿಯ ಬಾಳನ್ನು ಸ್ವಲ್ಪ ವಿವರವಾಗಿ ತಿಳಿದ ಹೊರತು ತೀರ್ಪನ್ನು ಹೇಳುವುದು ಸಾಧ್ಯವಿಲ್ಲ. ಅದನ್ನೇ ನಾವು ಈ ಹೊತ್ತು ವಿವರಿಸಬೇಕೆಂದಿದ್ದೇವೆ.

ಮೊದಲು ಹಕ್ಕಿಯ ರೂಪವನ್ನು ನೋಡೋಣ. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅದರ ಉದ್ದ 4½ ರಿಂದ 5 ಅಂಗುಲ. ತೂಕ 10 ರಿಂದ 12 ಗ್ರಾಂ. ಎಂದರೆ ಹಳೆಯ ಬೆಳ್ಳಿಯ ರೂಪಾಯಿ ಒಂದರ ತೂಕ. ಮೈ ಕಂದು ಬಣ್ಣ, ಕೊರಳ ಕೆಳಗೆ ಮಾಸಲು ಬಿಳುಪು, ರೆಕ್ಕೆಗೂ ಬಾಲಕ್ಕೂ ನಯವಾದ ಕಪ್ಪು ಗೆರೆಗಳು. ನಮ್ಮ ತೋಟಗಳಲ್ಲಿ ಎಲೆಗಳನ್ನು ಹೊಲಿದು ಗೂಡು ಮಾಡುವ ದರ್ಜಿ ಹಕ್ಕಿಯು ಬಾಲವನ್ನು ಮೇಲಕ್ಕೆತ್ತಿಕೊಂಡು ಪೊದೆಯಿಂದ ಪೊದೆಗೆ ನೆಗೆಯುವುದನ್ನು ಕಂಡವರು, ಅದೇ ಠೀವಿಯನ್ನು ಈ ಹಕ್ಕಿಯಲ್ಲಿಯೂ ಊಹಿಸಿಕೊಳ್ಳಬಹುದು. ಆದರೆ ಈ ಎರಡಕ್ಕೂ ಯಾವ ಬಳಗದ ಸಂಬಂಧವೂ ಇಲ್ಲ. ರೆನ್ನುಗಳ ಕುಲವೆಲ್ಲ ಅಮೆರಿಕ ಖಂಡಗಳಿಗೆ ಸೇರಿದುದು. ಹಳೆಯ ಪ್ರಪಂಚಕ್ಕೆ ದಾಟಿ ಬಂದಿರುವುದು ಒಂದೇ ಒಂದು ಜಾತಿ. ಅದು ಹಿಮಾಲಯದ ಮೇಲಣ ಭಾಗಗಳಲ್ಲಿ ಉಂಟು. ಕನ್ನಡ ನಾಡಿನಲ್ಲಿ ಇಲ್ಲ.

ಮೈ ಇಷ್ಟು ಚಿಕ್ಕದಾದರೂ ಅದರ ಕಂಠ ಚಿಕ್ಕದಲ್ಲ. ಗಂಡು ಹಕ್ಕಿಯು ಹಾಡತೊಡಗಿದರೆ, ಕಿರಿದಾದ ಬಾಯಿನ ಕೊಡದಿಂದ ನೀರು ಒಂದೇ ಸಮನೆ ಬುಳುಬುಳನೆ ಸುರಿದಂತೆ ಸ್ವರಗಳು ಒಂದನ್ನೊಂದು ನೂಕಿಕೊಂಡು ಬರುತ್ತವೆ. ಈ ಗಾನದಿಂದಲೇ ಅದಕ್ಕೆ ಶಾಸ್ತ್ರೀಯವಾದ ಹೆಸರು ಬಂದಿತು. ಫ್ರೆಂಚ್ ಪಂಡಿತರಾದ ವಿಯೆಯೋ ಎಂಬವರು ಇದಕ್ಕೆ ಟ್ರೋಗ್ಲೊಡೈಟೀಸ್ ಏಡನ್ ಎಂದು ಹೆಸರಿಟ್ಟರು. ಮೊದಲನೆಯ ಪದಕ್ಕೆ ಗುಹೆಯಲ್ಲಿ ವಾಸಿಸುವುದೆಂದು ಅರ್ಥ. ಎರಡನೆಯದು ಗ್ರೀಕರಲ್ಲಿ ಗಾನಪಕ್ಷಿಯಾದ ನೈಟಿಂಗೇಲಿನ ಹೆಸರು. ಗ್ರೀಕರ ಪುರಾಣದಲ್ಲಿ ಏಡನ್ ಎಂಬ ರಾಣಿಯೊಬ್ಬಳು, ನಿಯೋಬೆಗೆ ಮಕ್ಕಳು ಬಹಳವಾಗಿರುವುದನ್ನು ಕಂಡು ಹೊಟ್ಟೆಕಿಚ್ಚುಪಟ್ಟು, ಅವಳ ಮಗನನ್ನು ಕೊಲ್ಲಲು ಹೋಗಿ ಕತ್ತಲೆಯಲ್ಲಿ ತನ್ನ ಮಗನನ್ನೇ ಕೊಂದು, ದುಃಖದಿಂದ ಹಕ್ಕಿಯಾದಳೆಂಬ ಕಥೆಯುಂಟು. ನೆರೆಯವಳ ಮಕ್ಕಳನ್ನು ಕಂಡು ಸಹಿಸಲಾರದವಳ ಈ ಹೆಸರು, ಮುಂದೆ ನಾವು ಹೇಳಲಿರುವ ಸಂಗತಿಗೆ ಎಷ್ಟು ಹೊಂದಿಕೊಳ್ಳುತ್ತದೆಂಬುದನ್ನು ಕೇಳುವವರೇ ಗಮನಿಸಬಹುದು.

ಈ ಹಕ್ಕಿಯು ಕೆನಡದಿಂದ ಮೊದಲ್ಗೊಂಡು ದಕ್ಷಿಣ ಅಮೆರಿಕದ ತುತ್ತತುದಿಯವರೆಗೂ ಹರಡಿದ ಒಂದೇ ಜಾತಿಯೆಂದು ಬಹು ಕಾಲ ಎಣಿಸಲ್ಪಟ್ಟಿತ್ತು. 2024ರಲ್ಲಿ ಅಮೆರಿಕದ ಪಕ್ಷಿಶಾಸ್ತ್ರ ಸಂಘದವರು ಇದನ್ನು ವಿಂಗಡಿಸಿ, ಉತ್ತರದ ಮನೆ ರೆನ್, ದಕ್ಷಿಣದ ಮನೆ ರೆನ್ ಎಂದೂ, ಕೆಲವು ದ್ವೀಪಗಳವನ್ನು ಬೇರೆ ಬೇರೆ ಜಾತಿಗಳೆಂದೂ ನಿರ್ಣಯಿಸಿದರು. ನಾವು ಇಲ್ಲಿ ಹೇಳುತ್ತಿರುವುದೆಲ್ಲ ಉತ್ತರದ ಮನೆ ರೆನ್ನಿನ ವಿಷಯ.

ಚಳಿಗಾಲವನ್ನು ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗಗಳಲ್ಲಿಯೂ ಮೆಕ್ಸಿಕೊ ದೇಶದಲ್ಲಿಯೂ ಕಳೆದು, ವಸಂತದಲ್ಲಿ ಅದು ಉತ್ತರಕ್ಕೆ ಹಿಂದಿರುಗುತ್ತದೆ. ಮೊದಲು ಬರುವುದು ಗಂಡು. ಬಂದೊಡನೆ ಅದು ತನಗೆ ಬೇಕಾದಷ್ಟು ಎಡೆಯನ್ನು ಹಾಡಿನಿಂದಲೇ ಗೆರೆಯೆಳೆದಂತೆ ಗೊತ್ತುಮಾಡಿಕೊಂಡು, ಆ ಎಲ್ಲೆಯೊಳಗಿರುವ ಪೊಟರೆಗಳನ್ನೂ ಪೆಟ್ಟಿಗೆಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತದೆ. ಪೊಟರೆಯೇ ಆಗಬೇಕೆಂಬ ಹಟ ಅದಕ್ಕಿಲ್ಲ. ಹೊರಗೆ ಒಣಹಾಕಿದ ಅಂಗಿಯ ಜೇಬು, ಮೂಲೆಯಲ್ಲಿ ಬಿಟ್ಟ ಹಳೆಯ ಬೂಟು, ಮೊಳೆಗೆ ತಗುಲಿಸಿದ ಟೋಪಿ, ಟಪಾಲು ಹಾಕುವ ಡಬ್ಬಿ, ಹೊಲದಲ್ಲಿ ಬಿದ್ದ ದನದ ತಲೆಬುರುಡೆ, ಇವುಗಳಲ್ಲೆಲ್ಲ ಅದು ಗೂಡು ಮಾಡಿರುವುದುಂಟು. ಎಡೆಯನ್ನು ಆರಿಸಿದ ಮೇಲೆ ಗಂಡು ಕಡ್ಡಿಗಳನ್ನು ತಂದು ತುಂಬತೊಡಗುತ್ತದೆ. ತನ್ನ ಮೈಗಿಂತ ಉದ್ದವಾದ ಕಡ್ಡಿಯನ್ನು ಕೊಕ್ಕಿನ ನಡುವೆ ಅಡ್ಡವಾಗಿ ಹಿಡಿದು ಕಂಡಿಗೆ ನುಗ್ಗಿಸಲು ಹೆಣಗಿ, ಅದು ಕೈಗೂಡದಿದ್ದಾಗ ಕಡ್ಡಿಯ ತುದಿಯನ್ನು ಹಿಡಿದು ಒಳಕ್ಕೆ ನೂಕುವ ಅದರ ಸಾಹಸ ನೋಡತಕ್ಕದ್ದು. ಹೀಗೆ ಒಂದು ಪೆಟ್ಟಿಗೆಗೆ ನೂರಾರು ಕಡ್ಡಿಗಳು ಬೀಳುತ್ತವೆ. ಅಷ್ಟಕ್ಕೂ ತೃಪ್ತಿಯಿಲ್ಲದೆ, ಒಂದರ ಬದಲು ಹಲವು ಪೊಟರೆಗಳಿಗೆ ಇದೇ ರೀತಿ ಕಡ್ಡಿ ತುಂಬಿಡುವುದು ಗಂಡಿನ ಸ್ವಭಾವ.

ಹೆಣ್ಣು ತರುವಾಯ ಬರುತ್ತದೆ. ಗಂಡು ಹಾಡುತ್ತ ರೆಕ್ಕೆ ನಡುಗಿಸುತ್ತ ಮುಂದೆ ಮುಂದೆ ಹಾರಿ ತನ್ನ ಗೂಡುಗಳನ್ನು ತೋರಿಸುವುದೂ, ಹೆಣ್ಣು ಒಂದೊಂದರೊಳಕ್ಕೂ ಹೊಕ್ಕು ನೋಡಿ ಹೊರಬರುವುದೂ, ವರನ ಮನೆಯನ್ನು ನೋಡಲು ಹೋದ ಹೆಣ್ಣಿನ ಕಡೆಯವರ ಸಂಭ್ರಮವನ್ನು ನೆನಪಿಗೆ ತರುತ್ತದೆ. ಒಂದು ಗೂಡು ಒಪ್ಪಿತವಾದರೆ, ಅದು ಕಡ್ಡಿಗಳ ಹಿಂಬದಿಯಲ್ಲಿ ಒಂದು ಬಟ್ಟಲಿನಂತೆ ಗುಳಿ ಮಾಡಿ, ಹುಲ್ಲು, ಕೂದಲು, ಗರಿಗಳನ್ನು ಹಾಸಿ ಮೆತ್ತೆ ಮಾಡುತ್ತದೆ. ಜೇಡರ ಹುಳುವಿನ ಮೊಟ್ಟೆಚೀಲಗಳನ್ನೂ ಈ ಹಕ್ಕಿಗಳು ಗೂಡಿನೊಳಗೆ ಸೇರಿಸುತ್ತವೆ. ಮರಿಜೇಡಗಳು ಹುಟ್ಟಿ ಗೂಡಿನ ಉಣ್ಣೆಗಳನ್ನು ತಿಂದುಹಾಕುವುದರಿಂದ ಹಕ್ಕಿಮರಿಗಳಿಗೆ ಉಪಕಾರವಾಗಬಹುದೆಂದು ಕೆಲವು ಶಾಸ್ತ್ರಜ್ಞರು ಊಹಿಸಿದ್ದಾರೆ.

ಸಾಮಾನ್ಯವಾಗಿ 4 ರಿಂದ 8 ಮೊಟ್ಟೆಗಳು. ಅವು ಬೆಳ್ಳಗಿದ್ದು ಮೇಲೆಲ್ಲ ಸಣ್ಣ ಕೆಂಗಂದು ಚುಕ್ಕೆಗಳಿರುತ್ತವೆ. ಕಾವು ಕೊಡುವುದು ಹೆಣ್ಣೊಂದೇ. ಅದಕ್ಕೆ ಹಿಡಿಯುವ ಕಾಲ 12 ರಿಂದ 13 ದಿನ. ಮರಿಗಳಾದ ಮೇಲೆ 15 ರಿಂದ 17 ದಿನಗಳಲ್ಲಿ ಅವು ಹೊರಕ್ಕೆ ಹಾರುತ್ತವೆ. ಆ ದಿನಗಳಲ್ಲಿ ತಾಯಿತಂದೆಗಳು ದಿನಕ್ಕೆ ನೂರಾರು ಸಲ ಹುಳು ಹಿಡಿದುಕೊಂಡು ಬರಬೇಕಾಗುವುದು. ಒಂದು ಋತುವಿನಲ್ಲಿ ಎರಡು ಸಂಸಾರಗಳಾಗುವುದು ವಿಶೇಷ. ಎರಡನೆಯ ಸಲವೂ ಅದೇ ಜೋಡಿಯೇ ಇರುವುದೆಂದು ಜನರು ನಂಬಿದ್ದರು. ಒಹಾಯೊ ಸಂಸ್ಥಾನದ ಗೇಟ್ಸ್ ಮಿಲ್ಸ್ ಎಂಬಲ್ಲಿ ಪ್ರೆಂಟಿಸ್ ಬಾಲ್ಡ್ವಿನ್ನರು ಹಕ್ಕಿಗಳನ್ನು ಹಿಡಿದು, ಕಾಲಿಗೆ ಅಂಕೆಯುಳ್ಳ ಹಗುರವಾದ ಬಳೆಗಳನ್ನು ತೊಡಿಸಿ ಬಿಟ್ಟು ನೋಡಿದಾಗ, ಮೊದಲ ಸಂಸಾರ ಮುಗಿದೊಡನೆ ಜೋಡಿಗಳು ಬೇರೆಯಾಗಿ ಹೊಸ ಸಂಗಾತಿಗಳೊಡನೆ ಗೂಡು ಹೂಡುವುದುಂಟೆಂಬುದು ತಿಳಿಯಿತು. ಅವರು 1921ರಲ್ಲಿ ಇದನ್ನು ಪ್ರಕಟಿಸಿದರು. ಬಳೆಯಿಲ್ಲದಿದ್ದಲ್ಲಿ ಎಲ್ಲ ರೆನ್ನುಗಳೂ ನಮ್ಮ ಕಣ್ಣಿಗೆ ಒಂದೇ. ಆದಕಾರಣ ನಮ್ಮ ನಂಬಿಕೆಯನ್ನು ಸುಳ್ಳುಮಾಡುವ ಸಾಕ್ಷಿಯೇ ಅದುವರೆಗೆ ಇರಲಿಲ್ಲ.

ಮನೆಯವರಿಗೆ ಈ ಹಕ್ಕಿಯಿಂದಾಗುವ ಉಪಕಾರವೂ ಅಲ್ಪವಲ್ಲ. ಸಂಯುಕ್ತ ಸಂಸ್ಥಾನಗಳ ಕೃಷಿ ಇಲಾಖೆಯ ಬೀಲ್ ಎಂಬವರು 88 ರೆನ್ನುಗಳ ಹೊಟ್ಟೆಗಳನ್ನು ಪರೀಕ್ಷಿಸಿದಾಗ, ಆಹಾರದಲ್ಲಿ ನೂರಕ್ಕೆ 98 ಭಾಗ ಕೀಟಗಳೂ ಅವುಗಳ ಬಳಗದ ಜಂತುಗಳೂ ಆಗಿದ್ದುವು. ಮಿಡತೆ, ದುಂಬಿ, ಕಂಬಳಿಹುಳು, ತಿಗಣೆಯ ಜಾತಿಯ ಹುಳುಗಳು, ಜೇಡ, ಇವೇ ಅದರ ಊಟ. ಕೈತೋಟದವರು ಇಂಥ ಹಕ್ಕಿಯನ್ನು ಬೇಡವೆನ್ನುವುದುಂಟೆ? ಆದುದರಿಂದಲೇ 20ನೆಯ ಶತಮಾನದ ಆರಂಭದಲ್ಲಿ ಪತ್ರಿಕೆಗಳೂ ಶಾಲೆಗಳೂ ಪಕ್ಷಿಸಂಘಗಳೂ ರೆನ್ ಪೆಟ್ಟಿಗೆಗಳನ್ನು ತೂಗಹಾಕಿರೆಂದು ಜನರನ್ನು ಪ್ರೇರಿಸಿದುವು.

ಇನ್ನು ದೂರಿನ ಮಾತಿಗೆ ಬರೋಣ. ಅಯೋವ ಸಂಸ್ಥಾನದ ನ್ಯಾಷನಲ್ ಎಂಬ ಹಳ್ಳಿಯಲ್ಲಿ ಆಲ್ತಿಯ ಶರ್ಮನ್ ಎಂಬ ಮಹಿಳೆಯೊಬ್ಬರಿದ್ದರು. 1853ರಲ್ಲಿ ಹುಟ್ಟಿದ ಆಕೆ ಚಿತ್ರಕಲೆಯನ್ನು ಕಲಿತು, ಕಲಿಸಿ, ನಡುವಯಸ್ಸಿನಲ್ಲಿ ವೃದ್ಧರಾದ ತಂದೆತಾಯಿಗಳ ಶುಶ್ರೂಷೆಗಾಗಿ ಹಳ್ಳಿಗೆ ಹಿಂದಿರುಗಿದರು. ಅಲ್ಲಿ ತಮ್ಮ ಮನೆಯಂಗಳವನ್ನೇ ವಿದ್ಯಾಶಾಲೆಯಾಗಿ ಮಾಡಿಕೊಂಡು, ಅದಕ್ಕೆ ಬರುವ ಹಕ್ಕಿಗಳ ನಡೆಯನ್ನು ದಿನದಿನವೂ ಬರೆದಿಡುತ್ತ ಬಂದರು. ಹೊಗೆಗೂಡುಗಳಲ್ಲಿ ಗೂಡು ಕಟ್ಟುವ ಸ್ವಿಫ್ಟ್ ಹಕ್ಕಿಗಳ ಸಂಸಾರವನ್ನು ನೋಡುವ ಸಲುವಾಗಿ 1915ರಲ್ಲಿ 28 ಅಡಿ ಎತ್ತರದ ಮರದ ಗೋಪುರವನ್ನೇ ಕಟ್ಟಿಸಿದರೆಂದರೆ, ಆಕೆಯ ನಿಷ್ಠೆ ಎಂಥದೆಂಬುದು ತಿಳಿದೀತು. ಇಂಥವರು 1925ರಲ್ಲಿ, ಮೇಲೆ ಹೇಳಿದ ವಿಲ್ಸನ್ನರ ಹೆಸರನ್ನೇ ಧರಿಸಿದ ಪಕ್ಷಿಶಾಸ್ತ್ರ ಪತ್ರಿಕೆಯಲ್ಲಿ, ರೆನ್ ಪೆಟ್ಟಿಗೆಗಳು ತೊಲಗಲಿ ಎಂಬರ್ಥದ ತಲೆಬರಹವನ್ನು ಕೊಟ್ಟು ಲೇಖನವೊಂದನ್ನು ಬರೆದರು. ತಮ್ಮ ಅಂಗಳದಲ್ಲಿ ರೆನ್ನುಗಳು ನೆಲೆಸಿದ ಮೇಲೆ ಇತರ ಸಣ್ಣ ಹಕ್ಕಿಗಳ ಗೂಡುಗಳಲ್ಲಿ ಮೊಟ್ಟೆಗಳು ತೂತುಬಿದ್ದುದನ್ನೂ ಸಂಸಾರಗಳು ಹಾಳಾದುದನ್ನೂ ಆಕೆ ವರ್ಷವರ್ಷವೂ ಕಂಡಿದ್ದರು. ಜನರು ಕನಿಕರದಿಂದ ತೂಗಹಾಕುವ ಪೆಟ್ಟಿಗೆಗಳೇ ಉಳಿದ ಹಕ್ಕಿಗಳಿಗೆ ಮೃತ್ಯುವಾಗುತ್ತಿವೆಯೆಂಬುದು ಆಕೆಯ ಆರೋಪ. ಲೇಖನವು ಪಕ್ಷಿಪ್ರಿಯರಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಕೆಲವರು ರೆನ್ನಿನ ಪರವಾಗಿಯೂ ಕೆಲವರು ವಿರೋಧವಾಗಿಯೂ ವಾದಿಸಿದರು.

ಸಂಗತಿ ಮಾತ್ರ ನಿಜವೆಂಬುದು ಅನಂತರದ ಸಂಶೋಧನೆಗಳಿಂದ ಸ್ಥಿರಪಟ್ಟಿದೆ. ಗಂಡೂ ಹೆಣ್ಣೂ ಎರಡೂ ಈ ಕೆಲಸವನ್ನು ಮಾಡುತ್ತವೆ. ತಾಯಿಹಕ್ಕಿ ಗೂಡಿನಿಂದ ಅತ್ತ ಹೋದ ಕ್ಷಣದಲ್ಲಿ ನುಗ್ಗಿ, ಸೂಜಿಯಂಥ ಕೊಕ್ಕಿನಿಂದ ಮೊಟ್ಟೆಗಳನ್ನು ಚುಚ್ಚಿ, ಅನೇಕ ವೇಳೆ ಹೊರಕ್ಕೆ ಎಸೆದುಬಿಡುತ್ತವೆ. ಎಳೆಯ ಮರಿಗಳನ್ನು ಕುಕ್ಕಿ ಕೊಲ್ಲುವುದೂ ಉಂಟು. ನೀಲಿಹಕ್ಕಿ, ಚಿಕಡಿ, ಮರಗವಲುತೋಕೆ ಮೊದಲಾದ ಪೊಟರೆವಾಸಿಗಳಿಗೆ ಇದರ ಕಾಟ ಹೆಚ್ಚು. ಪೊದೆಗಳಲ್ಲಿ ತೆರೆದ ಗೂಡು ಕಟ್ಟುವುವುಗಳಿಗೂ, ತನ್ನದೇ ಜಾತಿಯ ಬೇರೆ ಜೋಡಿಗಳಿಗೂ ಇದು ತಪ್ಪಿದ್ದಲ್ಲ. ಬೀವಿಕ್ಕನ ರೆನ್ ಎಂಬ ಇದರ ದಾಯಾದಿಯು ಮಿಸಿಸಿಪಿ ನದಿಯ ಪೂರ್ವದ ನಾಡುಗಳಿಂದ ಹೆಚ್ಚುಕಡಮೆ ಮಾಯವಾಗಿರುವುದಕ್ಕೆ ಮನೆ ರೆನ್ನಿನ ಪ್ರಸಾರವೂ ಒಂದು ಮುಖ್ಯ ಕಾರಣವೆಂದು ಶಾಸ್ತ್ರಜ್ಞರು ಭಾವಿಸುತ್ತಾರೆ.

ಇದೇಕೆ ಹೀಗೆ? ಇದು ಹಸಿವಿಗಾಗಿ ಮಾಡುವ ಕೆಲಸವಲ್ಲವೆಂಬುದು ಮೊದಲು ಗಮನಿಸತಕ್ಕದ್ದು. ಒಡೆದ ಮೊಟ್ಟೆಯನ್ನು ಅದು ಸಾಮಾನ್ಯವಾಗಿ ತಿನ್ನುವುದಿಲ್ಲ. ಕಾರಣವು ಪೊಟರೆಯಲ್ಲಿದೆ. ಮರಕುಟಿಗದಂತೆ ಮರವನ್ನು ಕೊರೆಯುವ ಶಕ್ತಿ ರೆನ್ನಿಗೆ ಇಲ್ಲ. ಬೇರೊಬ್ಬರು ಕೊರೆದು ಬಿಟ್ಟುದೋ, ಮರವು ತಾನಾಗಿ ಕೊಳೆತು ಆದುದೋ ಅದಕ್ಕೆ ಬೇಕು. ಅಂಥ ಪೊಟರೆಗಳು ಎಲ್ಲ ಕಾಡಿನಲ್ಲಿಯೂ ಎಣಿಕೆಗೆ ಸಿಕ್ಕುವಷ್ಟೇ ಇರುತ್ತವೆ. ಬಯಸುವವರು ಅದಕ್ಕಿಂತ ಹೆಚ್ಚು. ಒಂದು ಪೊಟರೆಯಲ್ಲಿ ಬೇರೆಯ ಮೊಟ್ಟೆಗಳನ್ನು ನಾಶಮಾಡಿದರೆ, ಆ ಹಕ್ಕಿಗಳು ಬಿಟ್ಟುಹೋಗುತ್ತವೆ, ಪೊಟರೆ ಬರಿದಾಗುತ್ತದೆ, ಸುತ್ತಲೂ ಹುಳು ಹುಪ್ಪಟೆಗಳನ್ನು ಪಾಲು ಕೇಳುವ ಬಾಯಿಗಳೂ ಕಡಮೆಯಾಗುತ್ತವೆ. ಸಂಗಾತಿ ದೊರೆಯದ ಗಂಡುಗಳಲ್ಲಿಯೂ, ಮೊಟ್ಟೆಯಿಡುವುದಕ್ಕೆ ಮುಂಚಿನ ಹೆಣ್ಣುಗಳಲ್ಲಿಯೂ ಈ ಕ್ರೌರ್ಯ ಹೆಚ್ಚಾಗಿದ್ದು, ತಮ್ಮ ಗೂಡಿನಲ್ಲಿಯೇ ಮೊಟ್ಟೆಮರಿಗಳಾದ ಮೇಲೆ ಇಳಿಮುಖವಾಗುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಮರಿಗಳಿಗೆ ನೂರಾರು ಸಲ ಹುಳು ತಂದುಕೊಡುವ ಆ ಪ್ರೀತಿಯೂ ನೆರೆಯವರ ಮೊಟ್ಟೆಯೊಡೆಯುವ ಈ ಕ್ರೌರ್ಯವೂ ಒಂದೇ ಉದ್ದೇಶದಿಂದ ಹೊರಟ ಎರಡು ನಡೆಗಳು. ಇದರಲ್ಲಿ ಪಾಪಪುಣ್ಯಗಳನ್ನು ಹುಡುಕುವುದು ವ್ಯರ್ಥ.

ಹಾಗಾದರೆ ದೂರಿಗೆ ಅರ್ಥವೇ ಇಲ್ಲವೆ ಎಂದರೆ, ಉಂಟು. ಆದರೆ ಅದರ ಬಹು ಭಾಗವು ಮನುಷ್ಯನ ಮೇಲೆ ಬೀಳುತ್ತದೆ. ರೆನ್ನು ಅನಾದಿಯಿಂದ ಆ ನೆಲದಲ್ಲಿದ್ದ ಹಕ್ಕಿ. ಅದರ ನೆರೆಯವೂ ಅದರೊಡನೆಯೇ ಬಾಳಿಬಂದುವು. ಒಣಮರಗಳನ್ನು ಕಡಿದು, ಬೇಲಿಯ ಮರದ ಗೂಟಗಳನ್ನು ಕಿತ್ತು ಪೊಟರೆಗಳನ್ನು ಕಡಮೆಮಾಡಿದವರು ನಾವು, ಎಂದರೆ ಮನುಷ್ಯರು. ಮನೆಗಳ ಸುತ್ತಲೂ ಪೊದೆಗಳನ್ನು ನೆಟ್ಟು ರೆನ್ನಿಗೆ ಹಿತವಾದ ಎಡೆಯನ್ನು ಹೆಚ್ಚಿಸಿದವರೂ ಮನುಷ್ಯರೇ. ಅಲ್ಲದೆ ಹೊರನಾಡಿನ ಇಬ್ಬರು ಬಲಿಷ್ಠರನ್ನು ತಂದು ಅಲ್ಲಿಯ ಜಗಳಕ್ಕೆ ಕೂಡಿಸಿದುದೂ ಉಂಟು. 1851 ಮತ್ತು 1852ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿಗೆ ಗುಬ್ಬಚ್ಚಿಗಳನ್ನೂ, 1890ರಲ್ಲಿ ಅದೇ ನಗರದ ಸೆಂಟ್ರಲ್ ಪಾರ್ಕಿನಲ್ಲಿ ಸ್ಟಾರ್ಲಿಂಗ್ ಹಕ್ಕಿಗಳನ್ನೂ ತಂದು ಬಿಟ್ಟರು. ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆಯ ಸಾಧು ಗುಬ್ಬಕ್ಕನು ಆ ದೇಶದಲ್ಲಿ ನೀಲಿಹಕ್ಕಿಯ ಗೂಡಿಗೆ ನುಗ್ಗಿ ತಾಯನ್ನೂ ಮರಿಗಳನ್ನೂ ಕೊಲ್ಲುವ ದರೋಡೆಗಾರನೆಂದು ಹೆಸರಾಗಿದೆ ಎಂದರೆ ನಮ್ಮವರಿಗೆ ನಂಬುವುದು ಕಷ್ಟ. ಹಕ್ಕಿ ಒಂದೇ; ನೆಲ ಬೇರೆಯಾದಾಗ ಅದರ ಕೀರ್ತಿಯೂ ಬೇರೆಯಾಯಿತು.

ನೀಲಿಹಕ್ಕಿಗಳು ಹೀಗೆ ಕ್ಷೀಣಿಸುತ್ತ ಬಂದುದನ್ನು ಕಂಡು, ಇಲಿನಾಯ್ ಸಂಸ್ಥಾನದಲ್ಲಿ ಥಾಮಸ್ ಮಸಲ್ಮನ್ನರು 1934ರಲ್ಲಿ ರಸ್ತೆಗಳುದ್ದಕ್ಕೂ ಸಾಲಾಗಿ ಪೆಟ್ಟಿಗೆಗಳನ್ನಿಡುವ ಕ್ರಮವನ್ನು ಹೂಡಿದರು. 1978ರಲ್ಲಿ ಲಾರೆನ್ಸ್ ಜೆಲೆನಿಯವರು ಇದಕ್ಕಾಗಿ ಒಂದು ಸಂಘವನ್ನೇ ಸ್ಥಾಪಿಸಿದರು. ಇಂಥವರ ಅನುಭವದಿಂದ ಕೆಲವು ನಿಯಮಗಳು ರೂಢಿಗೆ ಬಂದಿವೆ. ಇಂದು ಆ ದೇಶದಲ್ಲಿ ಮನೆಮಾಡಿಕೊಂಡಿರುವ ಕನ್ನಡಿಗರೂ ಅನೇಕರಿರುವುದರಿಂದ ಅವನ್ನು ಇಲ್ಲಿ ಹೇಳುವುದು ಉಚಿತ.

ಮೊದಲನೆಯದು ಕಂಡಿಯ ಅಳತೆ. 1⅛ ಅಂಗುಲದ ಕಂಡಿಯಲ್ಲಿ ರೆನ್ನು ತೂರಬಲ್ಲದು, ಗುಬ್ಬಚ್ಚಿ ತೂರಲಾರದು. ಪೂರ್ವದ ನೀಲಿಹಕ್ಕಿಗೆ 1½ ಅಂಗುಲ ಬೇಕು, ಅದರಲ್ಲಿ ಸ್ಟಾರ್ಲಿಂಗು ತೂರಲಾರದು. ಎರಡನೆಯದು ಎಡೆ. ರೆನ್ನು ಪೊದೆಯ ಅಂಚನ್ನು ಬಿಟ್ಟು ಬಯಲಿಗೆ ದೂರ ಹೋಗಲೊಲ್ಲದು; ನೀಲಿಹಕ್ಕಿಗೆ ಹುಲ್ಲುಬಯಲೇ ಇಷ್ಟ. ಆದಕಾರಣ ನೀಲಿಹಕ್ಕಿಯ ಪೆಟ್ಟಿಗೆಯನ್ನು ಪೊದೆಗಳಿಂದ ಕಡಮೆಯೆಂದರೆ 100 ಅಡಿ ದೂರದ ಬಯಲಿನಲ್ಲಿ ನೆಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು. ಮೂರನೆಯದು ಮರೆ. ನೀಲಿಹಕ್ಕಿ ಮೊಟ್ಟೆಯಿಟ್ಟ ಮೇಲೆ ಕಂಡಿಯ ಮುಂದೆ ಸ್ವಲ್ಪ ಅಂತರದಲ್ಲಿ ಸಣ್ಣ ಹಲಗೆಯೊಂದನ್ನು ಇಳಿಬಿಟ್ಟರೆ, ಕಣ್ಣಿನಿಂದಲೇ ಕಂಡಿಗಳನ್ನು ಹುಡುಕುವ ರೆನ್ನಿಗೆ ಅದು ಕಾಣದೆ ಹೋಗುತ್ತದೆ. ಮೊಟ್ಟೆಯಿಟ್ಟ ತಾಯಿಯು ಗೂಡನ್ನು ಬಿಡದೆ ಬದಿಯಿಂದ ಬಂದುಹೋಗುತ್ತದೆ. ನಾಲ್ಕನೆಯದು ಮಿತಿ. ರೆನ್ನುಗಳಿಗೆಂದು ಸಾಲು ಸಾಲಾಗಿ ಪೆಟ್ಟಿಗೆಗಳನ್ನು ತೂಗಹಾಕುವುದು ಅವುಗಳಿಗೇ ಅನಾವಶ್ಯಕ. ಗಂಡು ಎಲ್ಲಕ್ಕೂ ಕಡ್ಡಿ ತುಂಬಿ ಬೇರೆಯವರಿಗೆ ದಕ್ಕದಂತೆ ಮಾಡೀತು.

ಕೊನೆಯದು ಕಾನೂನಿನ ಮಾತು. 1918ರಲ್ಲಿ ಸಂಯುಕ್ತ ಸಂಸ್ಥಾನಗಳು ಮಾಡಿದ ವಲಸೆಹಕ್ಕಿಗಳ ಕಾಯಿದೆಯ ರಕ್ಷಣೆಯು ನೀಲಿಹಕ್ಕಿಗೆ ಹೇಗೋ ರೆನ್ನಿಗೂ ಹಾಗೆಯೇ ಉಂಟು. ಸಿಟ್ಟಿನಿಂದ ಅದರ ಮೊಟ್ಟೆಮರಿಗಳನ್ನು ನಾಶಮಾಡುವುದು ಅಪರಾಧ. ಹೊರಗಿನಿಂದ ಬಂದ ಗುಬ್ಬಚ್ಚಿಗೂ ಸ್ಟಾರ್ಲಿಂಗಿಗೂ ಆ ರಕ್ಷಣೆಯಿಲ್ಲ.

ಆಲ್ತಿಯ ಶರ್ಮನ್ನರು 1943ರಲ್ಲಿ ತೀರಿಕೊಂಡರು. ಮನೆಯಂಗಳದ ಹಕ್ಕಿಗಳನ್ನು ಕುರಿತ ಅವರ ಬರಹಗಳು 1952ರಲ್ಲಿ ಪುಸ್ತಕವಾಗಿ ಹೊರಬಂದುವು. ಅವರ ಕೂಗಿಗೆ ಓಗೊಟ್ಟು ಜನರು ಪೆಟ್ಟಿಗೆಗಳನ್ನು ಕೆಳಗಿಳಿಸಲಿಲ್ಲ. ರೆನ್ನುಗಳು ಇಂದಿಗೂ ಆ ಪೆಟ್ಟಿಗೆಗಳಲ್ಲಿ ಸಂಸಾರ ಮಾಡುತ್ತಿವೆ. ಹಾಗೆಂದು ಅವರ ಶ್ರಮ ವ್ಯರ್ಥವಾಯಿತೆಂದು ನಾವು ತಿಳಿಯುವುದಿಲ್ಲ. ಅಂಗಳದಲ್ಲಿ ಒಂದು ಪೆಟ್ಟಿಗೆಯನ್ನು ತೂಗಹಾಕುವವನು ಒಂದು ಹಕ್ಕಿಗೆ ಮನೆ ಕೊಟ್ಟೆನೆಂದು ಸಂತೋಷಪಡುತ್ತಾನೆ. ಅದರೊಡನೆಯೇ ಸುತ್ತಣ ಹತ್ತು ಹಕ್ಕಿಗಳಿಗೆ ಒಬ್ಬ ನೆರೆಯವನನ್ನೂ ತಂದುಕೊಟ್ಟೆನೆಂಬುದು ಅವನಿಗೆ ತೋರುವುದಿಲ್ಲ. ಅದನ್ನು ತೋರಿಸಿಕೊಟ್ಟವರು ಆ ಮಹಿಳೆ. ಪೆಟ್ಟಿಗೆಯನ್ನು ಎಲ್ಲಿ ನೆಡಬೇಕು, ಕಂಡಿಯನ್ನು ಎಷ್ಟು ಕೊರೆಯಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂದು ಇಂದು ಅಲ್ಲಿನವರು ಮೊದಲೇ ಯೋಚಿಸುವುದರಲ್ಲಿ, ಅಯೋವದ ಆ ಅಂಗಳದಲ್ಲಿ ಕುಳಿತು ಒಡೆದ ಮೊಟ್ಟೆಗಳನ್ನು ಲೆಕ್ಕಹಾಕಿದವರ ಪಾಲೂ ಸೇರಿದೆ.